ನಿಮ್ಮಣ್ಣನ ಬಲಗೈ

ಜನವರಿ 28

ನಾದಿನಿಗೆ,

ನಾವಿಲ್ಲಿ ಚೆನ್ನಾಗಿದೀವಿ, ನೀನೂ ಅಲ್ಲಿ ಚೆನ್ನಾಗಿದೀಯ ಅಂತ ನಂಬಿದೀವಿ ಅನ್ನೋ ಮಾತಿಂದ ಶುರುವಾಗೋ ಕಾಗದ ಅಲ್ಲ ಇದು. ನಾವು ಚೆನ್ನಾಗಿಲ್ಲ. ನೀನು ಹೇಗಿದ್ರೂ ನನಗೇನೂ ಆಗಬೇಕಾದ್ದಿಲ್ಲ. 'ಅವಳಿಗೊಂದು ಮಾತು ತಿಳಿಸು' ಅಂತ ನಿಮ್ಮಣ್ಣ ತಲೆ ತಿಂದರು, ಅದಕ್ಕೆ ಬರೀತಿದೀನಿ. ಫೋನ್ ಮಾಡಬೇಡ. ಫೋನಲ್ಲಿ ನಾವಿಬ್ಬರೂ ಹಲೋ ಅನ್ನೋದ್ರೊಳಗೆ ಜಗಳಕ್ಕೆ ಬಿದ್ದಿರ್ತೀವಿ. ಕಾಗದವಾದ್ರೆ ನಡುವೆ ಬಾಯಿ ಹಾಕೋಕೆ ನಿನಗೆ ಆಗಲ್ಲ.

ವಿಷಯ ಇಷ್ಟು. ಹೋದ ವಾರ ಇವರು ಓಡಿಸ್ತಿದ್ದ ಬಸ್ಸಿಗೆ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಇವರು ಬ್ರೇಕ್ ಒತ್ತಿ, ಸ್ಟೀರಿಂಗ್ ಪೂರ್ತಿ ಎಳೆದು, ಬಸ್ಸನ್ನ ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸಿದ್ರು. ಸೈಕಲ್ಲಿನವನಿಗೆ ಒಂದು ಗೀರೂ ಆಗಿಲ್ಲ. ಎದ್ದು, ಪ್ಯಾಂಟು ಕೊಡವಿಕೊಂಡು, ಇವರಿಗೇ 'ಕಣ್ಣು ಕಾಣಲ್ವೇನ್ರೀ' ಅಂತ ಬೈದು ಹೋದನಂತೆ. ನಿಮ್ಮಣ್ಣನ ಬಲ ಭುಜ ಮಾತ್ರ ಒಳಗೊಳಗೇ ಹರೀತು. ಮೂಳೆ ಗಟ್ಟಿಯಾಗಿದೆ, ಸ್ನಾಯು ಅರ್ಧ ಹರಿದಿದೆ ಅಂದರು ಡಾಕ್ಟರು. ಆರಾಮ ಬೇಕು ಅಂದರು.

ಅಷ್ಟು ಹೇಳೋಕೆ ಅವರು ಅಷ್ಟು ವರ್ಷ ಓದಬೇಕಾಯ್ತು. ಹರಿದದ್ದನ್ನ ಎಳೆದಾಡಬಾರದು ಅಂತ ನನಗೆ ಸೂಜಿ ಹಿಡಿದ ದಿನದಿಂದ ಗೊತ್ತು. ಆಸ್ಪತ್ರೆಯವರು ಕೈ ತೂಗುಹಾಕೋಕೆ ಕೊಟ್ಟ ಪಟ್ಟಿ ಕುತ್ತಿಗೆ ಕೊರೀತಿತ್ತು, ಬಿಚ್ಚಿ ಎಸೆದೆ. ಕೋಟಿನ ಲೈನಿಂಗ್ ಬಟ್ಟೇಲಿ ನಾನೇ ಒಂದು ಹೊಲಿದು, ಕೈಯನ್ನ ಮೈಗೆ ಸೇರಿಸಿ ಕಟ್ಟಿದೀನಿ. ಒಂದು ಬೆರಳೂ ಅಲ್ಲಾಡೋಕೆ ಬಿಡಲ್ಲ.

ನೀನು ಓಟಗಾರರಿಗೆ ತರಬೇತಿ ಕೊಡೋಳು, ಏನಾದ್ರೂ ದಾರಿ ಹೇಳ್ತೀಯ ಅಂತ ಇವರಿಗೆ ಆಸೆ. ನನಗಿಲ್ಲ. ನಮ್ಮನೇಲಿ ಊಟ ಮಾಡಿ ಕೈ ತೊಳೀತಾ 'ನಮ್ಮಣ್ಣನ್ನ ಸೋಫಾ ಮಾಡಿ ಕೂರಿಸಿಬಿಟ್ರಲ್ಲ ಅತ್ತಿಗೆ' ಅಂದ್ಯಲ್ಲ, ಆ ಮಾತು ಇನ್ನೂ ನನ್ನ ಕಿವೀಲಿದೆ. ಆಮೇಲೆ ನೀನು ಈ ಹೊಸ್ತಿಲು ತುಳಿದಿಲ್ಲ, ನಾನೂ ಕರೆದಿಲ್ಲ. ಹಾಗೇ ಇರಲಿ.

ಇಂತಿ,
ನಿಮ್ಮಣ್ಣನ ಹೆಂಡತಿ


ಫೆಬ್ರವರಿ 8

ಅತ್ತಿಗೆಯವರಿಗೆ,

ಕಾಗದ ಬಂತು. ಬೈಗುಳ ಸೋಸಿ ತೆಗೆದ ಮೇಲೆ ಒಂದೆರಡು ಸಾಲು ವಿಷಯ ಉಳೀತು. ಅದಕ್ಕೆ ಉತ್ತರ ಬರೀತಿದೀನಿ.

ನೀವು ಒಳ್ಳೆ ಟೈಲರ್, ಒಪ್ತೀನಿ. ಆದರೆ ಬಟ್ಟೆ ಸತ್ತದ್ದು ಅತ್ತಿಗೆ. ಹರಿದ ಅಂಗಿ ಬೀರುವಿನಲ್ಲಿಟ್ಟರೆ ವರ್ಷ ಕಳೆದರೂ ಹರಿದೇ ಇರುತ್ತೆ. ಅಣ್ಣನ ಮೈ ಹಾಗಲ್ಲ. ನೀವು ಸೂಜಿ ಹುಡುಕೋದ್ರೊಳಗೆ ಅದು ತನ್ನ ಕೆಲಸ ಶುರು ಮಾಡಿರುತ್ತೆ. ಭುಜ ಊದಿ, ಕೆಂಪಾಗಿ, ಬಿಸಿಯಾಗಿತ್ತಾ? ಕೆಲಸದವರು ಬಂದು ಸೇರಿದಾರೆ ಅಂತ ಅದರರ್ಥ. ರಕ್ತದಲ್ಲಿ ಬಂದ ಕಣಗಳು ಮೊದಲು ಹರಿದ ಚೂರನ್ನೆಲ್ಲ ಗುಡಿಸಿ ತೆಗೀತವೆ, ಆಮೇಲೆ ಹೊಸ ಎಳೆ ಬೀಳುತ್ತೆ. ಆ ಎಳೆಗಳು ಮೊದಮೊದಲು ದಿಕ್ಕುದೆಸೆ ಇಲ್ಲದೆ ಅಡ್ಡಾದಿಡ್ಡಿ ಇರ್ತವೆ. ಕೈ ಮೆಲ್ಲಗೆ ಆಡ್ತಾ ಇದ್ದರೆ ಯಾವ ಕಡೆಗೆ ಎಳೆತ ಅಂತ ಅವಕ್ಕೆ ಗೊತ್ತಾಗಿ ಆ ಕಡೆಗೆ ಸಾಲಾಗಿ ಕೂರ್ತವೆ. ಕಟ್ಟಿಹಾಕಿದರೆ ಎಲ್ಲ ಸೇರಿ ಗಂಟಾಗುತ್ತೆ.

ಸದ್ಯಕ್ಕೆ ಕಟ್ಟಿರೋದು ತಪ್ಪಲ್ಲ. ಆದರೆ ಇಷ್ಟರಲ್ಲೇ ಬಿಚ್ಚಿ. ಅಣ್ಣ ಮುಂದಕ್ಕೆ ಬಗ್ಗಿ, ಕೈಯನ್ನ ಜೋಲು ಬಿಟ್ಟು, ಗಡಿಯಾರದ ಲೋಲಕದ ಹಾಗೆ ತೂಗಬೇಕು. ಒಂದು ರಬ್ಬರ್ ಪಟ್ಟಿನೂ ಕಳಿಸಿದೀನಿ, ಅದನ್ನ ಎಳೆಯೋದು ಮುಂದಿನ ಮಾತು. ನಮ್ಮ ಮೈದಾನದಲ್ಲಿ ಚಿಕ್ಕ ಚಿಕ್ಕ ಹುಡುಗೀರು ಮಾಡೋದನ್ನ ಅಷ್ಟು ದೊಡ್ಡ ಬಸ್ ಓಡಿಸೋನಿಗೆ ಮಾಡೋಕಾಗಲ್ವಾ?

ಸೋಫಾ ಅಂದದ್ದು ನಿಜ. ಆಗ ಸೋಫಾಗೆ ಎರಡು ಕೈಯಾದ್ರೂ ಇತ್ತು.

ಇಂತಿ,
ನಿಮ್ಮ ನಾದಿನಿ


ಫೆಬ್ರವರಿ 21

ನಾದಿನಿಗೆ,

ನಿನ್ನ ರಬ್ಬರ್ ಪಟ್ಟಿ ಬಹಳ ಉಪಯೋಗಕ್ಕೆ ಬಂತು. ಅಂಗಡೀಲಿ ಕಟಿಂಗ್ ಕಾಗದದ ಸುರುಳಿ ಬಿಚ್ಚಿಕೊಳ್ತಾ ಇತ್ತು, ಅದಕ್ಕೆ ಸುತ್ತಿದೀನಿ.

ಮಾತಿಗೇನು ಬಾಡಿಗೆ ಕೊಡಬೇಕಾ? ಅಲ್ಲಿ ಕೂತು ಎಳೆ, ಕಣ ಅಂತ ಪಾಠ ಬರೀತೀಯ. ಇಲ್ಲಿ ಅಂಗಿಗೆ ತೋಳು ತೂರಿಸೋಳು ನಾನು, ಬ್ರಷ್ಷಿಗೆ ಪೇಸ್ಟ್ ಹಾಕಿಕೊಡೋಳು ನಾನು, ಬೆನ್ನು ಉಜ್ಜೋಳು ನಾನು. ನಿನ್ನ ಕಣಗಳು ಬಂದು ಒಂದು ಗುಂಡಿ ಹಾಕಿಕೊಟ್ಟಿದ್ದನ್ನ ನಾನು ಕಾಣೆ. ಮುಂದಕ್ಕೆ ಬಗ್ಗಿ ಕೈ ತೂಗಬೇಕಂತೆ! ತಲೆ ನರೆತ ಗಂಡಸು ಹಾಡುಹಗಲು ಆನೆ ಸೊಂಡಿಲಾಡಿಸೋ ಹಾಗೆ ಕಿಟಕಿ ಪಕ್ಕ ನಿಂತಿದ್ರೆ ಎದುರು ಮನೆಯವರು ಏನಂದ್ಕೋಬೇಕು? ನಮಗೂ ಒಂದು ಮಾನ ಅಂತ ಇದೆ.

ಕೆಳಗೆ ಎಡಗೈಲಿ ಗೀಚಿರೋದು ನಿಮ್ಮಣ್ಣ. ನಿನಗೆ ಬರೆಯಲೇಬೇಕು ಅಂತ ಹಟ ಹಿಡಿದರು.

ಇಂತಿ,
ಅತ್ತಿಗೆ ಅನ್ನಿಸಿಕೊಂಡವಳು

ತಂಗೀ, ನಾನು ಆರಾಮ.


ಮಾರ್ಚ್ 5

ಅಣ್ಣಾ,

ಈ ಕಾಗದ ನಿನಗೆ ಮಾತ್ರ. ಆರಾಮ ಅಂತ ನಿನ್ನ ಕೈಯಲ್ಲೇ ಬರೆದದ್ದು ಓದಿ ಹೋದ ಜೀವ ಬಂದ ಹಾಗಾಯ್ತು. ಇಷ್ಟು ಬೇಗ! ಅತ್ತಿಗೆ ಮೇಲೆ ಮೇಲೆ ಹಾರಾಡಿದರೂ ಒಳಗೊಳಗೆ ನಾನು ಹೇಳಿದ್ದನ್ನ ಮಾಡಿಸಿದಾರೆ ಅಂತಾಯ್ತು. ಬಾಯಿಬಿಟ್ಟು ಒಪ್ಪಿಕೊಂಡ್ರೆ ಅವರ ಕಿರೀಟ ಬಿದ್ದುಹೋಗುತ್ತಲ್ಲ.

ಹಾಗಾದ್ರೆ ಮುಂದಿನ ಪಾಠಕ್ಕೆ ಬಾ. ಸ್ನಾಯು ಕೆಲಸ ಮಾಡುವಾಗ ಬೆಳೆಯಲ್ಲ ಅಣ್ಣ. ಕೆಲಸದಲ್ಲಿ ಅದು ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಿಯುತ್ತೆ. ಉಂಡು ಮಲಗಿದಾಗ ಮೈ ಅದನ್ನ ತುಂಬುತ್ತೆ, ತುಂಬುವಾಗ ಮುಂದಕ್ಕಿರಲಿ ಅಂತ ಮೊದಲಿಗಿಂತ ಒಂದಿಷ್ಟು ಜಾಸ್ತಿನೇ ತುಂಬುತ್ತೆ. ಅದಕ್ಕೇ ಭಾರ ಕೊಡಬೇಕು, ಆಮೇಲೆ ಸುಮ್ಮನೆ ಬಿಡಬೇಕು. ಕೈಗೆ ಸಿಗೋ ಭಾರದ ವಸ್ತು ಯಾವುದಾದ್ರೂ ಹಿಡಿದು ಭುಜದ ಮಟ್ಟಕ್ಕೆ ಎತ್ತು. ದಿನ ಬಿಟ್ಟು ದಿನ ಸಾಕು. ಅತ್ತಿಗೆಗೆ ತೋರಿಸಬೇಡ, ಸುಮ್ಮನೆ ರೇಗ್ತಾರೆ.

ಇಂತಿ,
ತಂಗಿ


ಮಾರ್ಚ್ 18

ನಾದಿನಿಗೆ,

ತೋರಿಸಬೇಡ ಅಂದ ಕಾಗದ ನಾನೇ ಎತ್ತಿಕೊಂಡು ಓದಿದೆ. ನೆಲದ ಮೇಲೆ ಬಿದ್ದಿತ್ತು. ಅದರ ಪಕ್ಕ ನನ್ನ ಇಸ್ತ್ರಿ ಪೆಟ್ಟಿಗೆ ಬಿದ್ದಿತ್ತು. ಅದರ ಪಕ್ಕ ನಿಮ್ಮಣ್ಣ ಭುಜ ಹಿಡಿದುಕೊಂಡು ಬಿಳಿಚಿಕೊಂಡು ಕೂತಿದ್ದರು. ಕೈಗೆ ಸಿಗೋ ಭಾರದ ವಸ್ತು! ಟೈಲರ್ ಮನೇಲಿ ಇನ್ನೇನು ಸಿಗುತ್ತೆ, ಹೂವಿನ ಬುಟ್ಟಿನಾ?

ಆರಾಮ ಅಂದ್ರೆ ಡಾಕ್ಟರು ಹೇಳಿದ ಆರಾಮ ಕಣೇ ತಾಯಿ! ಕೆಲಸಕ್ಕೆ ಹೋಗಿಲ್ಲ, ಕೈ ಆಡಿಸಿಲ್ಲ, ಮಲಗಿದೀನಿ ಅಂತ. ಎಡಗೈಲಿ ಅಷ್ಟೇ ಬರೆಯೋಕೆ ಆಗಿದ್ದು ಆ ಮನುಷ್ಯನಿಗೆ. ಗುಣವಾಯ್ತು ಅಂತ ನಿನಗೆ ಹೇಳಿದವರು ಯಾರು? ಒಂದು ಮಾತಿಗೆ ಎರಡು ಅರ್ಥ ಇದ್ರೆ ನಿನಗೆ ಬೇಕಾದ್ದನ್ನೇ ಆರಿಸಿಕೊಳ್ತೀಯ, ಮೊದಲಿಂದ ಇದೇ ಬುದ್ಧಿ.

ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತ ಡಾಕ್ಟರ ಮುಂದೆ ಇವರೇ ಹೇಳಿ ನಕ್ಕರು. ನಮ್ಮಿಬ್ಬರಲ್ಲಿ ಕೋಣ ಯಾವುದು ಅಂತ ನಾನು ಕೇಳಲಿಲ್ಲ. ಡಾಕ್ಟರು ನಗಲಿಲ್ಲ. ಹೊಸದಾಗಿ ಏನೂ ಹರಿದಿಲ್ಲ, ಆದರೆ ಕೀಲು ಬಿಗಿದುಹೋಗಿದೆ ಅಂದರು. ಕೈ ಸೊಂಟ ದಾಟಿ ಮೇಲಕ್ಕೆ ಬರ್ತಿಲ್ಲ. ಜೂನ್‌ನಲ್ಲಿ ಡಿಪೋದಲ್ಲಿ ಪರೀಕ್ಷೆ. ಎರಡು ಕೈನೂ ತಲೆ ಮೇಲಕ್ಕೆ ಎತ್ತಿ ತೋರಿಸಬೇಕಂತೆ. ಎತ್ತದಿದ್ರೆ ಬಸ್ ಬಿಡಿಸಿ, ಕಳೆದುಹೋದ ಸಾಮಾನಿನ ಕೋಣೇಲಿ ಕೂರಿಸ್ತಾರೆ, ನಿವೃತ್ತಿ ಆಗೋವರೆಗೂ. ಕಿಟಕಿ ಇಲ್ಲದ ಕೋಣೆ, ಜನ ಬಸ್ಸಲ್ಲಿ ಬಿಟ್ಟುಹೋದ ಛತ್ರಿ ಕಾಯೋ ಕೆಲಸ. ಸ್ಟೀರಿಂಗ್ ಹಿಡಿದಾಗಿಂದ ಈ ಮನುಷ್ಯ ಬೇರೆ ಕೆಲಸದ ಹೆಸರೆತ್ತಿದ್ದನ್ನ ನಾನು ಕೇಳಿಲ್ಲ. ಆ ಕೋಣೇಲಿ ಕೊರಗಿ ಕೊರಗಿ ಸತ್ತೇ ಹೋಗ್ತಾರೆ. ನನಗೆ ಭಯ ಆಗ್ತಿದೆ.

ಇನ್ನು ಮೇಲೆ ಯಾರಾದ್ರೂ ದಿನಾ ಆ ಕೈ ಹಿಡಿದು ಮೇಲಕ್ಕೆ ತಳ್ಳಬೇಕಂತೆ. ಡಾಕ್ಟರಿಗೆ ಬಿಡುವಿರಲಿಲ್ಲ, ಹೇಗೆ ಅಂತ ಸರಿಯಾಗಿ ಹೇಳಲಿಲ್ಲ. ಮಾಡಿಟ್ಟೋಳು ನೀನು, ನೀನೇ ಹೇಳು.

ಇಂತಿ,
ನಿಮ್ಮಣ್ಣನ ಹೆಂಡತಿ


ಮಾರ್ಚ್ 27

ಅತ್ತಿಗೆಯವರಿಗೆ,

ಆರಾಮ ಅನ್ನೋ ಮಾತಿಗೆ ನನ್ನನ್ನ ಗಲ್ಲಿಗೆ ಹಾಕೋದಾದ್ರೆ ಹಾಕಿ. ಆದರೆ ಒಂದು ಸಲ ಇಸ್ತ್ರಿ ಪೆಟ್ಟಿಗೆ ಎತ್ತಿದ್ದಕ್ಕೆ ಯಾವ ಕೀಲೂ ಬಿಗಿಯಲ್ಲ. ವಾರಗಟ್ಟಲೆ ಲೈನಿಂಗ್ ಬಟ್ಟೇಲಿ ಸುತ್ತಿಟ್ಟದ್ದಕ್ಕೆ ಬಿಗಿಯುತ್ತೆ. ನಿಮ್ಮ ಕೈಲಿ ಅಣ್ಣ ಪಾರ್ಸಲ್ ಆದ, ನನ್ನ ಮಾತು ಕೇಳಿ ಪೈಲ್ವಾನ್ ಆಗೋಕೆ ಹೋದ.

ಹೇಗೆ ಅಂತ ಕೇಳಿದೀರಿ. ಮಲಗಿಸಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನ ಭುಜದ ಮೇಲೆ ಹಾಕಿ, ಮೆತ್ತಗಾಗಲಿ. ಒಂದು ಕೈಲಿ ಅವನ ಮೊಣಕೈ, ಇನ್ನೊಂದ್ರಲ್ಲಿ ಮಣಿಕಟ್ಟು ಹಿಡಿದು ಮೆಲ್ಲಗೆ ಮೇಲಕ್ಕೆ ತನ್ನಿ. ಬಿಗಿ ಸಿಕ್ಕ ಕಡೆ ನಿಲ್ಲಿಸಿ, ಉಸಿರು ಬಿಡೋಕೆ ಹೇಳಿ, ಬಿಡುವಾಗ ಒಂಚೂರು ಮುಂದಕ್ಕೆ. ಕೂಗ್ತಾನೆ. ಕೂಗಲಿ. ನೋವಲ್ಲಿ ಎರಡು ಥರ. ನೀವು ಕೈ ಬಿಟ್ಟ ಮೇಲೆ ಅವನು ಒಂದು ಲೋಟ ಟೀ ಕುಡಿಯೋದ್ರೊಳಗೆ ಇಳಿದುಹೋದ್ರೆ ಅದು ಕೆಲಸ ಆದ ನೋವು. ಮಾರನೇ ಬೆಳಿಗ್ಗೆನೂ ಅಲ್ಲೇ ಕೂತಿದ್ರೆ ನೀವು ಅತಿ ಮಾಡಿದೀರಿ ಅಂತ ಅರ್ಥ.

ನಿಮ್ಮ ಕೈಲಿ ಆಗಲ್ಲ, ನನಗೆ ಗೊತ್ತು. ಅವನು ಅಯ್ಯೋ ಅಂದ ತಕ್ಷಣ ದಿಂಬು ಜೋಡಿಸೋಕೆ ಓಡ್ತೀರಿ. ಹೊರಗಿನವರನ್ನ ಯಾರನ್ನಾದ್ರೂ ಕರೆಸಿಕೊಳ್ಳಿ.

ಇಂತಿ,
ನಾದಿನಿ


ಏಪ್ರಿಲ್ 20

ನಾದಿನಿಗೆ,

ಆಗಲ್ಲ ಅಂದ್ಯಲ್ಲ, ಕೇಳು.

ದಿನಾ ಅಂಗಡಿ ತೆಗೆಯೋ ಮುಂಚೆ ಒಂದು ಸಲ, ಮುಚ್ಚಿ ಬಂದ ಮೇಲೆ ಒಂದು ಸಲ ಮಾಡ್ತಿದೀನಿ. ಮೊದಲ ದಿನ ಇವರು ಕೂಗಿದ ಕೂಗಿಗೆ ಮೇಲಿನ ಮನೆಯವರು ಬಾಗಿಲು ತಟ್ಟಿ 'ಏನ್ರೀ ಇದು, ಹೊಡೀತಿದೀರಾ' ಅಂದರು. 'ಇನ್ನೂ ಇಲ್ಲ' ಅಂದೆ. ಬಸ್ಸಲ್ಲಿ ಅಷ್ಟು ಜನರನ್ನ ಗದರಿಸಿಕೊಂಡು ಹೋಗೋ ಗಂಡಸು, ಬಿಸಿ ಟವೆಲ್ ಕಂಡ್ರೆ ಸಾಕು, ಬಚ್ಚಲುಮನೆ ಸೇರಿ ಚಿಲಕ ಹಾಕ್ಕೊಳ್ತಾರೆ. ಇವರ ಶೌರ್ಯವೆಲ್ಲ ಚರ್ಮದ ಹೊರಗಡೆ ಮಾತ್ರ. ನಾನು ಹಲ್ಲು ಕಚ್ಚಿ ತಳ್ತೀನಿ. ಒಂದೊಂದು ಸಲ ನನಗೇ ಅಳು ಬಂದುಬಿಡುತ್ತೆ. ಆಗ ನಿನ್ನ ಮುಖ ನೆನೆಸಿಕೊಳ್ತೀನಿ, ಸಿಟ್ಟಿಗೆ ಕೈಗೆ ಬಲ ಬರುತ್ತೆ. ಅಷ್ಟರ ಮಟ್ಟಿಗೆ ನೀನೂ ಉಪಯೋಗಕ್ಕೆ ಬಂದೆ.

ಚೂರು ಚೂರೇ ಮೇಲೆ ಬಂತು. ಈಗ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿದೆ. ಎಷ್ಟು ತಳ್ಳಿದರೂ ಕೂದಲೆಳೆಯಷ್ಟೂ ಮುಂದೆ ಹೋಗ್ತಿಲ್ಲ. ಈಗೇನು ಮಾಡಬೇಕು? ಕೇಳಿದಳು ಅಂತ ತಲೆ ಮೇಲೆ ಹತ್ತಿ ಕೂರಬೇಡ.

ಇಂತಿ,
ಅತ್ತಿಗೆ


ಮೇ 1

ಅತ್ತಿಗೆಯವರಿಗೆ,

ಅಲ್ಲಿಗೇ ನಿಲ್ಲಬಾರದು. ಬಿಗಿದ ಕೀಲು ಒಂದು ದಿನ ಕೊಡುತ್ತೆ, ಒಂದು ದಿನ ಕಿತ್ತುಕೊಳ್ಳುತ್ತೆ. ದಿನಾ ಗೆರೆ ಎಳೆದ ಹಾಗೆ ಒಂದೇ ಜಾಗದಲ್ಲಿ ನಿಲ್ಲೋದನ್ನ ನಾನು ನೋಡಿಲ್ಲ. ತಳ್ಳೋರ ಕೈ ಸೋತಿರಬೇಕು, ಇಲ್ಲಾ ಅಣ್ಣ ಏನೋ ಕಿತಾಪತಿ ಮಾಡ್ತಿರಬೇಕು. ಗಮನ ಇಟ್ಟು ನೋಡಿ.

ನೀವು ಇಷ್ಟು ದೂರ ತರ್ತೀರಿ ಅಂದ್ಕೊಂಡಿರಲಿಲ್ಲ. ಇದನ್ನ ಹೊಗಳಿಕೆ ಅಂತ ತಿಳ್ಕೋಬೇಡಿ.

ಇಂತಿ,
ನಾದಿನಿ


ಮೇ 16

ನಾದಿನಿಗೆ,

ನಿಮ್ಮ ವಂಶದಲ್ಲಿ ನಾಟಕದವರು ಯಾರಾದ್ರೂ ಇದ್ದರಾ?

ಪರೀಕ್ಷೆಗೆ ಮಾಸಿದ ಅಂಗೀಲಿ ಹೋಗೋದು ಬೇಡ ಅಂತ ಹೊಸ ಯೂನಿಫಾರ್ಮ್ ಹೊಲಿಯೋಕೆ ಇವರನ್ನ ಅಂಗಡೀಲಿ ನಿಲ್ಲಿಸಿಕೊಂಡಿದ್ದೆ. ಗಿರಾಕಿಗಳಿದ್ದರು. ನನ್ನ ಬಾಯಲ್ಲಿ ಪಿನ್ನು, ಕೈಲಿ ಟೇಪು, ತಲೆ ಬೇರೆಲ್ಲೋ. ಎದೆ ಅಳತೆಗೆ ಎಲ್ಲರಿಗೂ ಹೇಳೋ ಹಾಗೆ 'ಕೈ ಎತ್ತಿ' ಅಂದೆ. ಎತ್ತಿದರು. ಎರಡನ್ನೂ! ಸೀದಾ ಮೇಲಕ್ಕೆ, ಫ್ಯಾನಿಗೆ ತಗಲೋ ಹಾಗೆ. ಮದುವೆಯಾದಾಗಿಂದ ನನ್ನ ಟೇಪಿನ ಮುಂದೆ ನಿಂತು ನಿಂತು, ಆ ಮಾತು ಕಿವಿಗೆ ಬಿದ್ದ ತಕ್ಷಣ ಕೈ ತಾನೇ ಹೋಗಿಬಿಡ್ತು. ನಾನೂ ಟೇಪು ಸುತ್ತಿ, ಅಳತೆ ಬರೆದುಕೊಂಡು, ಆಮೇಲೆ ತಲೆ ಎತ್ತಿ ನೋಡಿದೆ. ಅವರೂ ನೋಡಿದರು. ಇಳಿಸೋದನ್ನೂ ಮರೆತು ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತಿದ್ದರು.

ಗಿರಾಕಿಗಳನ್ನ ಕಳಿಸಿ ಬಾಗಿಲು ಹಾಕಿದೆ. ಒಂದು ತಿಂಗಳಿಂದ ಕೈ ಪೂರ್ತಿ ಹೋಗ್ತಿದೆಯಂತೆ. ನಾನು ತಳ್ಳುವಾಗ ಒಳಗೊಳಗೇ ಬಿಗಿಹಿಡಿದು ನಿಲ್ಲಿಸ್ತಿದ್ದರಂತೆ. ಆ ಕೈಗೋಸ್ಕರ ನಾನು ಅತ್ತಿದೀನಿ ಕಣೇ! ಕಾಯಿಸಿದ ನೀರಲ್ಲಿ ಈ ಬೀದಿಗೆಲ್ಲ ಸ್ನಾನ ಮಾಡಿಸಬಹುದಿತ್ತು.

ಯಾಕ್ರೀ ಅಂದೆ. 'ಬಸ್ಸು ಬೇಡ' ಅಂದರು. ಆ ಸೈಕಲ್ಲಿನವನು ಈಗಲೂ ಅಡ್ಡ ಬರ್ತಾನಂತೆ. ಕಣ್ಣು ಮುಚ್ಚಿದ್ರೆ ಸಾಕು, ಬರ್ತಾನಂತೆ. ಆದರೆ ಆವತ್ತಿನ ಹಾಗೆ ಎದ್ದು ಬೈಯಲ್ಲ, ಚಕ್ರದ ಕೆಳಗೇ ಇರ್ತಾನಂತೆ. ಹೆದರಿಕೆ ಅಂತ ಡಿಪೋದಲ್ಲಿ ಹೇಳೋಕೆ ನಾಚಿಕೆ, ಕೈ ಏಳಲ್ಲ ಅಂದ್ರೆ ಯಾರೂ ಏನೂ ಕೇಳಲ್ಲ, ಸುಮ್ಮನೆ ಹೋಗಿ ಛತ್ರಿ ಕಾಯಬಹುದು ಅಂತ ಲೆಕ್ಕಾಚಾರ. ಹೇಡಿ ಅಂದೆ. ಇನ್ನೂ ಏನೇನೋ ಅಂದೆ. ನಿದ್ದೆ ಮಾಡೋರನ್ನ ಎಬ್ಬಿಸಬಹುದು, ನಿದ್ದೆ ಬಂದ ಹಾಗೆ ನಟಿಸೋರನ್ನ ಏನು ಮಾಡೋದು? ಆವತ್ತಿಂದ ಮಾತು ಬಿಟ್ಟಿದೀನಿ. ತಟ್ಟೆ ಇಡ್ತೀನಿ, ಬಡಿಸ್ತೀನಿ, ಅಷ್ಟೇ.

ಇಂತಿ,
ಮೋಸಹೋದ ಅತ್ತಿಗೆ


ಮೇ 25

ಅತ್ತಿಗೆಯವರಿಗೆ,

ಮೊದಲು ನಾನೂ ಬೈದೆ. ನಿಮ್ಮ ಕಾಗದ ಕೈಲಿ ಹಿಡಿದು ಒಬ್ಬಳೇ ಕೂತು ಚೆನ್ನಾಗಿ ಬೈದೆ. ಅವನನ್ನ ಅಣ್ಣ ಅನ್ನೋಕೆ ನಾಚಿಕೆ ಆಯ್ತು. ಆಮೇಲೆ ಮೈದಾನಕ್ಕೆ ಹೋದೆ. ನಮ್ಮಲ್ಲೊಬ್ಬಳು ಹರ್ಡಲ್ಸ್ ಓಡೋಳಿದಾಳೆ. ಹೋದ ವರ್ಷ ತೊಡೆ ಸ್ನಾಯು ಹರಿದುಕೊಂಡು ಬಿದ್ದಿದ್ದಳು. ತೊಡೆ ಯಾವಾಗಲೋ ಮಾದಿದೆ, ಮೊದಲಿಗಿಂತ ಗಟ್ಟಿಯಾಗಿದೆ. ಆದರೆ ಆವತ್ತು ಬಿದ್ದ ಹರ್ಡಲ್ ಹತ್ತಿರ ಬಂದ್ರೆ ಈಗಲೂ ಅವಳ ಹೆಜ್ಜೆ ತಡವರಿಸುತ್ತೆ. ಬೇಕಂತ ಮಾಡಲ್ಲ, ಮೈ ತಾನೇ ಹಿಡಿದು ನಿಲ್ಲಿಸುತ್ತೆ. ಅವಳಿಗೆ ಯಾರಾದ್ರೂ ಹೇಡಿ ಅಂದ್ರೆ ಅವರ ಹಲ್ಲು ಉದುರಿಸ್ತೀನಿ. ನೀವು ನಮ್ಮಣ್ಣನಿಗೆ ಅಂದಿದೀರಿ. ದೂರ ಇದೀರಿ, ಬಚಾವಾದ್ರಿ.

ಭುಜಕ್ಕಿಂತ ಹೆದರಿಕೆ ಮಾಯೋದು ನಿಧಾನ. ಆದರೆ ಮಾಯೋ ರೀತಿ ಒಂದೇ. ಕಟ್ಟಿಟ್ಟರೆ ಬಿಗಿಯುತ್ತೆ, ಒಂದೇ ಸಲಕ್ಕೆ ಭಾರ ಹೇರಿದರೆ ಹರಿಯುತ್ತೆ. ಎರಡನ್ನೂ ನಾವು ಒಬ್ಬೊಬ್ಬರು ಒಂದೊಂದು ಸಲ ಮಾಡಿ ನೋಡಿದೀವಿ. ಈ ಸಲ ಚೂರು ಕೊಡಿ, ಮಲಗೋಕೆ ಬಿಡಿ, ಮಾರನೇ ದಿನ ಇನ್ನೊಂದು ಚೂರು ಕೊಡಿ. ಡಿಪೋದಲ್ಲಿ ನಿಂತ ಬಸ್ಸಲ್ಲಿ ಸುಮ್ಮನೆ ಕೂರಲಿ. ಆಮೇಲೆ ಇಂಜಿನ್ ಹಾಕಿ ಕೂರಲಿ. ಆಮೇಲೆ ಅಂಗಳದಲ್ಲೇ ಒಂದು ಸುತ್ತು ಹಾಕಲಿ. ಪರೀಕ್ಷೆಗೆ ಕೈ ಎತ್ತಿಬಿಡ್ತಾನೆ, ಅದು ದೊಡ್ಡದಲ್ಲ. ಅದಾದ ಮೇಲೆ ರಸ್ತೆ ಇದೆಯಲ್ಲ, ಅದು ದೊಡ್ಡದು.

ಜೊತೆಗೆ ಯಾರಾದ್ರೂ ಇರಬೇಕು. ಸಮಾಧಾನ ಹೇಳೋರು ಬೇಡ. ಮೆತ್ತಗೆ ಮಾತಾಡಿದರೆ ತನಗೆ ನಿಜವಾಗ್ಲೂ ಏನೋ ಆಗಿದೆ ಅಂದ್ಕೊಳ್ತಾನೆ. ಏನೂ ಆಗೇ ಇಲ್ಲ ಅನ್ನೋ ಹಾಗೆ ಬೈಯೋರು ಬೇಕು. ಆ ಕೆಲಸಕ್ಕೆ ನಿಮಗಿಂತ ಯೋಗ್ಯರು ನನಗೆ ಗೊತ್ತಿಲ್ಲ. ಮಾತು ಬಿಟ್ಟಿದೀರಂತೆ. ಬಿಟ್ಟ ಮಾತೆಲ್ಲ ಬಡ್ಡಿ ಸಮೇತ ಶುರು ಮಾಡಿ.

ಇಂತಿ,
ನಾದಿನಿ


ಜೂನ್ 24

ನಾದಿನಿಗೆ,

ನಿಂತ ಬಸ್ಸಲ್ಲಿ ಕೂರೋಕೂ ಒಬ್ಬ ತರಬೇತುದಾರಳ ಸಲಹೆ ಬೇಕಾಯ್ತಲ್ಲ, ನಮ್ಮ ಹಣೆಬರಹ. ಕೂರಿಸಿದೆ. ಡಿಪೋದವರು ನಮ್ಮಿಬ್ಬರನ್ನ ನೋಡಿ ನಕ್ಕರು, ನಗಲಿ ಅಂತ ಬಿಟ್ಟೆ. ಮೊದಲ ದಿನ ಸ್ಟೀರಿಂಗ್ ಮುಟ್ಟಿ ಕೂತದ್ದಕ್ಕೇ ಅಂಗಿ ತೊಯ್ದುಹೋಯ್ತು. ನಾಲ್ಕೈದು ದಿನ ಆದ ಮೇಲೆ ಅದೇ ಸೀಟಲ್ಲಿ ಆಕಳಿಸಿದರು. ಆಕಳಿಸಿದ್ದು ನೋಡಿ ನನಗೆ ಆದ ಸಂತೋಷ ನಿನಗೆ ಹೇಳಿದರೆ ನಗ್ತೀಯ. ಪರೀಕ್ಷೆ ಪಾಸಾಯ್ತು. ಅಲ್ಲಿನ ಡಾಕ್ಟರು ಇವರ ಬೆನ್ನು ತಟ್ಟಿದರಂತೆ. ತಟ್ಟಬೇಕಾದ ಬೆನ್ನು ಯಾರದು ಅಂತ ನಾನು ಹೇಳೋಕೆ ಹೋಗಲ್ಲ.

ನಿನ್ನೆ ಮೊದಲ ದಿನ ರಸ್ತೆಗೆ ಇಳಿದರು. ನಾನು ಹೋಗಲಿಲ್ಲ. ಇಷ್ಟು ವಯಸ್ಸಾದವರನ್ನ ಸ್ಕೂಲಿಗೆ ಬಿಟ್ಟ ಹಾಗೆ ಬಿಡೋಕೆ ನನಗೇನು ಬೇರೆ ಕೆಲಸ ಇಲ್ವಾ ಅಂತ ಅಂಗಡೀಲಿ ಕೂತೆ. ಅವರ ಬಸ್ಸು ಅಂಗಡಿ ಮುಂದೇ ಹೋಗೋದು. ಬಂತು. ಸ್ಟಾಪೇ ಇಲ್ಲದ ಕಡೆ ನಿಂತುಬಿಡ್ತು. ಮುಂದೆ ಯಾರೋ ಸೈಕಲ್ಲಲ್ಲಿ ತಮ್ಮ ಪಾಡಿಗೆ ತಾವು ಹೋಗ್ತಿದ್ದರು, ಅಷ್ಟೇ. ಇವರು ಸ್ಟೀರಿಂಗ್ ಹಿಡಿದು ಕಲ್ಲಾಗಿ ಕೂತಿದಾರೆ. ಹಿಂದಿನಿಂದ ಹಾರ್ನು, ಒಳಗಿಂದ ಬೈಗುಳ. ಹೊಲೀತಿದ್ದ ತೋಳನ್ನ ಮಿಷಿನ್ನಲ್ಲೇ ಬಿಟ್ಟು ಓಡಿ ಹೋಗಿ ಬಸ್ ಹತ್ತಿದೆ. ಮುಖ ನೋಡಿದೆ. ಅಂಥ ಮುಖ ನಾನು ನೋಡೇ ಇರಲಿಲ್ಲ ಕಣೇ. ನನ್ನ ಕಡೆ ತಿರುಗಿ 'ಆಗ್ತಿಲ್ಲ' ಅಂದರು. ಕೈ ಹಿಡಿದು ಇಳಿಸಿಕೊಂಡು ಮನೆಗೆ ಕರ್ಕೊಂಡು ಹೋಗಿಬಿಡೋಣ ಅನ್ನಿಸ್ತು. ಯಾವ ಕೋಣೇಲಾದ್ರೂ ಕೂರಲಿ, ಬದುಕಿದ್ರೆ ಸಾಕು ಅನ್ನಿಸ್ತು.

ಟಿಕೆಟ್ ತಗೊಂಡೆ. ಕಂಡಕ್ಟರ್ ಎಲ್ಲಿಗೆ ಅಂದ. ಕೊನೇ ಸ್ಟಾಪಿಗೆ ಅಂದೆ. ಇವರ ಹಿಂದಿನ ಸೀಟಲ್ಲಿ ಕೂತು, 'ರೀ, ದುಡ್ಡು ಕೊಟ್ಟು ಹತ್ತಿದೀನಿ. ಸೈಕಲ್ಲಿನವನು ಆಗಲೇ ಮನೆ ಸೇರಿದ. ನಿಮ್ಮ ಮುಖ ನೋಡ್ಕೊಂಡು ರಸ್ತೇಲಿ ನಿಲ್ಲೋಕೆ ಅವನಿಗೇನು ಹುಚ್ಚಾ? ನಡೀರಿ' ಅಂದೆ. ಹೊರಟಿತು. ನಡ್ಕೊಂಡು ಹೋಗೋರು ನಮ್ಮನ್ನ ದಾಟಿ ಹೋದರು, ಆದರೂ ಹೊರಟಿತು. ಕೊನೇ ಸ್ಟಾಪಿಗೆ ಹೋದ್ವಿ, ವಾಪಸ್ ಬಂದ್ವಿ, ಮತ್ತೆ ಹೋದ್ವಿ. ಬಾಯಿಗೆ ಬಂದದ್ದೆಲ್ಲ ಬೈದೆ. ಸಿಗ್ನಲ್ಲಿಗೆ ಬೈದೆ, ಗೇರಿಗೆ ಬೈದೆ, ಬಿಟ್ಟ ಮೀಸೆಗೆ ಬೈದೆ. ಪಕ್ಕದಲ್ಲಿ ಕೂತ ಹೆಂಗಸು 'ಡ್ರೈವರನ್ನ ಹಾಗೆಲ್ಲ ಅನ್ನಬಾರದಮ್ಮ, ಪಾಪ' ಅಂದಳು. 'ನನ್ನ ಗಂಡ' ಅಂದೆ. 'ಅಯ್ಯೋ, ಇನ್ನೂ ಪಾಪ' ಅಂದಳು.

ಸಾಯಂಕಾಲದ ಹೊತ್ತಿಗೆ, ಜನ ತುಂಬಿ ತುಳುಕ್ತಿದ್ದಾಗ, ಇವರು ಹಿಂದಕ್ಕೆ ತಿರುಗದೇನೇ 'ಒಂಚೂರು ಬಾಯಿ ಮುಚ್ತೀಯಾ, ಗಾಡಿ ಓಡಿಸ್ತಿದೀನಿ' ಅಂತ ಗದರಿದರು. ಮುಚ್ಚಿದೆ. ಕಿಟಕಿ ಕಡೆ ತಿರುಗಿ ಕೂತು ಕಣ್ಣು ಒರೆಸಿಕೊಂಡೆ.

ಇವತ್ತು ಎರಡು ಸಲ ನಿಂತಿತು. ನಾಳೆನೂ ನಿಲ್ಲಬಹುದು. ಅಂಗಡಿ ಬಾಗಿಲು ಹಾಕಿ ದಿನಾ ಬಸ್ಸಲ್ಲಿ ಸುತ್ತೋಕೆ ನನಗೆ ಆಗಲ್ಲ, ಗಂಟಲೂ ಕೂತುಹೋಗಿದೆ. ಶನಿವಾರದವರೆಗೂ ನಾನು ನೋಡ್ಕೊಳ್ತೀನಿ. ಭಾನುವಾರದಿಂದ ಆ ಸೀಟಿಗೆ ನಿನ್ನ ಪಾಳಿ. ಬೈಯೋದನ್ನ ನಿನಗೆ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಮೊದಲ ಬಸ್ಸು ಅವರದ್ದು, ಹಾಗಾಗಿ ಹಿಂದಿನ ದಿನವೇ ಬಂದು ಮಲಗು. ಹಾಸಿಗೆ ಹಾಸಿರ್ತೀನಿ.

ಇಂತಿ,
ನಿನ್ನ ಅತ್ತಿಗೆ